ಒಣ ಎಲ್ಲಿ ಮುಗಿಯುತ್ತದೆ

ಸೋಮವಾರ ಬೆಳಕು ಹರಿಯುವಾಗ
ನೆಲಕ್ಕೆ ನೆಟ್ಟ ಪೈಪಿನ ಮುಚ್ಚಳ ತೆಗೆದು
ಕೋಲು ಇಳಿಬಿಡುತ್ತೇನೆ.
ಮೇಲೆತ್ತಿ, ಒಣ ಎಲ್ಲಿ ಮುಗಿದು ಒದ್ದೆ ಎಲ್ಲಿ ಶುರುವಾಯಿತೆಂದು
ಹೆಬ್ಬೆರಳಲ್ಲಿ ಹಿಡಿದು ಪುಸ್ತಕಕ್ಕೆ ಬರೆಯುತ್ತೇನೆ.
ನಲವತ್ತು ದಾಟಬಾರದು ಅಂದಿದ್ದಾರೆ,
ಅಂದರೆ ಒಂದು ಮೊಳ.
ನೀರು ಅದಕ್ಕಿಂತ ಕೆಳಗೆ ಕೂತರೆ
ನಾವು ಮೇಲೆ ಕೂರುವಂತಿಲ್ಲ.

ಇದು ಮಣ್ಣಲ್ಲ. ನಾವು ಗಂಬುತ್ ಅನ್ನುತ್ತೇವೆ.
ಉದುರಿದ ಎಲೆ, ಮುರಿದ ಕೊಂಬೆ,
ಕೊಳೆಯಲು ಹೊರಟು, ನೀರೊಳಗೆ ಉಸಿರು ಸಿಗದೆ
ಅರ್ಧಕ್ಕೇ ನಿಂತುಬಿಟ್ಟ ಸಾವಿರಾರು ವರ್ಷ.
ಕೈಹಾಕಿದರೆ ಕಟ್ಟುಚಹಾದ ಬಣ್ಣದ ನೀರು,
ಇನ್ನೂ ತೊಗಟೆಯ ಗುರುತು ಬಿಡದ ಚೂರು.
ನನ್ನಜ್ಜಿಯ ಅಜ್ಜಿ ತುಳಿದು ಹೋದ ಎಲೆ
ಇಲ್ಲೇ, ಒಂದು ಗೇಣು ಕೆಳಗೆ.

ಕಾಲುವೆ ತೋಡಿದವರಲ್ಲಿ ನನ್ನಣ್ಣ ದುವೆಲ್ ಇದ್ದ.
ಸುಳ್ಳೇಕೆ, ಆ ಕೂಲಿಯಲ್ಲೇ ನನಗೆ ಶಾಲೆಯ ಬೂಟು ಬಂತು.
ಭತ್ತ ಬೆಳೆಯುತ್ತದೆ ಅಂದರು. ಬೆಳೆಯಲಿಲ್ಲ.
ನೀರು ಹೇಳದೆ ಕೇಳದೆ ಕಹಾಯನ್ ನದಿಗೆ ನಡೆಯಿತು.
ಹಿತ್ತಿಲ ರಂಬುತಾನ್ ಮರದ ಬೇರು
ವರ್ಷಕ್ಕೊಂದಿಷ್ಟು ಗಾಳಿಗೆ ಬಂತು.
ಮರ ಎದ್ದು ನಿಲ್ಲುತ್ತಿದೆ ಅಂದುಕೊಂಡಿದ್ದೆ;
ನೆಲ ಕೂರುತ್ತಿತ್ತು.

ಸೆಪ್ಟೆಂಬರಿನಲ್ಲಿ ಹುಟ್ಟಿದ್ದಕ್ಕೆ ಮಗಳು ಸೆಪ್ತಿ.
ಅವತ್ತು ಮಟಮಟ ಮಧ್ಯಾಹ್ನ
ಸೂಲಗಿತ್ತಿ ಟಾರ್ಚು ಹಿಡಿದು ದಾರಿ ಹುಡುಕಿ ಬಂದಳು.
ಬೂದಿ ಮುಚ್ಚಿದ ಕೆಂಡವಾದರೆ ಕೆದಕಿ ನೋಡಬಹುದು.
ಇಲ್ಲಿ ನೆಲವೇ ಕೆಂಡ.
ಅದು ಕಾಲಡಿಯಲ್ಲಿ ನಡೆಯುತ್ತದೆ,
ಇಲ್ಲಿ ನೀರೆರೆದರೆ ಅಲ್ಲಿ ಕೆಮ್ಮುತ್ತದೆ,
ಹಸಿರಾಗಿಯೇ ನಿಂತ ಮರ
ಬೇರಿಲ್ಲದ್ದು ನೆನಪಾದಂತೆ ನಡುರಾತ್ರಿ ಮಲಗಿಬಿಡುತ್ತದೆ.
ನನ್ನ ಕೂಸು ಮೊದಲು ಎಳೆದುಕೊಂಡ ಉಸಿರು
ಅಜ್ಜಿಯರು ತುಳಿದ ಆ ಎಲೆಗಳು.

ಆಮೇಲೆ ಸಭೆಯಾಯಿತು. ಪಟ್ಟಣದ ಹುಡುಗಿಯೊಬ್ಬಳು
ಬೋರ್ಡಿನ ಮೇಲೆ ಇಂಗಾಲ ಎಂದು ಬರೆದು
ಪಕ್ಕದಲ್ಲಿ ಸೊನ್ನೆಗಳನ್ನು ಸಾಲಾಗಿ ಕೂರಿಸಿದಳು.
ಏಳದ ಹೊಗೆಗೆ ಎಲ್ಲೋ ದೂರದವರು ದುಡ್ಡು ಕೊಡುತ್ತಾರಂತೆ.
'ಹಿಡಿಯದ ಮೀನು ಮಾರಿದ ಹಾಗೆ,' ಎಂದ ಬಾಪಾ ಗಾರಾಂಗ್.
ಎಲ್ಲರೂ ನಕ್ಕರು. ಅವಳೂ.

ಗಲಾಮ್ ಕಂಬ ಎರಡು ಸಾಲು, ನಡುವೆ ಚೀಲ ಚೀಲ ಗಂಬುತ್,
ಎದೆಮಟ್ಟದ ನೀರಲ್ಲಿ ನಿಂತು ಹನ್ನೊಂದು ದಿನ
ಕಾಲುವೆಯ ಬಾಯಿಗೆ ಕಟ್ಟ ಕಟ್ಟಿದೆವು.
ಹನ್ನೆರಡನೆಯ ರಾತ್ರಿ ಯಾರೋ ಚೀಲ ಸೀಳಿದರು.
ಯಾರೋ ಅಲ್ಲ.
ಆ ಕತ್ತಿಯ ಹಲ್ಲು ಮುರಿದ ಜಾಗ ನನಗೆ ಗೊತ್ತು,
ಮದುವೆಯ ಹಂದಿ ಕೊಯ್ದದ್ದು ಅದರಲ್ಲೇ.

ದುವೆಲ್‌ನ ಜಗುಲಿಗೆ ಹೋದೆ. ಅತ್ತಿಗೆ ಅನ್ನ ಮೀನು ಬಡಿಸಿದಳು.
ಕಟ್ಟದ ಮಾತು ಅವನು ಎತ್ತಲಿಲ್ಲ, ನಾನೂ.
ಕೈ ತೊಳೆಯುವಾಗ ಅಂದೆ: 'ಎಪ್ಪತ್ತೊಂದು.'
ಅವನು ಬಹಳ ಹೊತ್ತು ಹಲ್ಲು ಕಡ್ಡಿಯಲ್ಲಿ ಕೆದಕುತ್ತಾ ಕೂತ.
'ಬಲೆ ಇರುವುದು ಆಚೆ,' ಎಂದ. 'ದೋಣಿಗೆ ದಾರಿ ಬಿಡದೆ ಕಟ್ಟಿದಿರಿ.
ನಾನೇನು ಹಾರಲೆ?'

ನಿಜ. ನಮ್ಮ ಪುಸ್ತಕದಲ್ಲಿ ನೀರಿಗೆ ಒಂದು ಕಲಮು ಇತ್ತು.
ಅಣ್ಣನಿಗೆ ಇರಲಿಲ್ಲ.

ಮತ್ತೆ ಕಟ್ಟುವಾಗ ನಡುವೆ ಜಾರುದಾರಿ ಇಟ್ಟೆವು,
ಉರುಟು ಮರದ ಮೇಲೆ ದೋಣಿ ಎಳೆದು ದಾಟಿಸಬಹುದು.
ಮೊದಲ ಕಂಬ ಬಡಿದವನು ದುವೆಲ್,
ಬೈಯುತ್ತಲೇ, ಯಾರನ್ನೆಂದು ಹೇಳದೆ.
ಮುನ್ನೂರು ಬಾಲಾಂಗೆರಾನ್ ಸಸಿ ನೆಟ್ಟೆವು,
ಪ್ರತಿಯೊಂದಕ್ಕೂ ಒಂದು ದಿಬ್ಬ, ಮುಳುಗದ ಹಾಗೆ.
ಅರ್ಧ ಸತ್ತವು.
ಉಳಿದವು ಸೆಪ್ತಿಯ ಭುಜ ಮುಟ್ಟಲು ಜಗಳಕ್ಕೆ ನಿಂತಿವೆ.

ಈಗ ಕೋಲು ಹಿಡಿಯುವುದು ಅವಳು. ಪೈಪಿಗೆ ಕಣ್ಣಿಟ್ಟು
ಒಳಗೆ ಯಾರೋ ಇದ್ದಾರೆಂಬಂತೆ ಒಮ್ಮೆ ಕೂಗುತ್ತಾಳೆ.
ಹೆಬ್ಬೆರಳು ಪುಟ್ಟದು, ಗುರುತು ಹೆಚ್ಚು ಖಚಿತ.
ಮೂವತ್ತೆಂಟು, ಎಂದು ಬರೆದಳು.
ಇನ್ನೂ ಜುಲೈ.