ಅಳತೆ ಪುಸ್ತಕ

ಕುಂಬಳೆ ಪೇಟೆ, ಬಸ್ಸು ತಿರುಗುವ ಮೂಲೆ,
ಅಲ್ಲಿ ನನ್ನ ಮೆಷಿನು.
ಬೋರ್ಡು ಮಲಯಾಳದಲ್ಲಿ, ಪುಸ್ತಕ ಕನ್ನಡದಲ್ಲಿ.
ಶಾಲೆಯಲ್ಲಿ ಕಲಿತದ್ದು ಹಾಗೆ, ಕೈ ಬದಲಾಗಲಿಲ್ಲ.

ಹದಿನಾಲ್ಕನೇ ಪುಟ. ಸಂಕಪ್ಪ, ಬಂಬ್ರಾಣ.
ಎದೆ ಮೂವತ್ತು. ಸೊಂಟ ಇಪ್ಪತ್ತನಾಲ್ಕು.
ಜತೆಗೆ ಬಂದ ತಾಯಿ
ಬೀಡಿ ಕಟ್ಟುವ ಬೆರಳಲ್ಲಿ ಬಟ್ಟೆಯ ಅಂಚು ತಿಕ್ಕಿ ನೋಡಿ
"ಬೆಳೆಯುವ ಹುಡುಗ, ಮೂಸಾಕ, ಒಳಗೆ ಸ್ವಲ್ಪ ಬಿಡಿ" ಎಂದಳು.
ಬಿಟ್ಟೆ, ಎರಡು ಬೆರಳು.
ಬೆನ್ನಿಗೆ ಒಂಬತ್ತು ಹೊಲಿದೆ, ಬಿಳಿ ಪಾಪ್ಲಿನ್ನಲ್ಲಿ.
ಒಂಬತ್ತರ ಹೊಟ್ಟೆ ಸುತ್ತುವುದು ಸುಲಭವಲ್ಲ,
ಕಬಡ್ಡಿ ಆಡುವವರಿಗೆ ಅದು ಗೊತ್ತಿರುವುದಿಲ್ಲ.

ಆಗ ಎಲ್ಲಿತ್ತೋ ಅವನಲ್ಲಿ ಅಷ್ಟು ಉಸಿರು.
ಗೆರೆ ದಾಟಿ ಏಳು ಜನರ ನಡುವೆ
ಬಾವಿಗೆ ಕೊಡ ಇಳಿದ ಹಾಗೆ ಇಳಿಯುತ್ತಿದ್ದ,
ತುಂಬಿಕೊಂಡೇ ಮೇಲೆ ಬರುತ್ತಿದ್ದ.
ಮೀನಿನ ಲಾರಿಯವರು ಗಾಡಿ ನಿಲ್ಲಿಸಿ ನೋಡುತ್ತಿದ್ದರು
ಐಸು ಕರಗಿ ರಸ್ತೆಗೆ ಹರಿಯುವವರೆಗೆ.

ಹೊಲಿಗೆ ಬಿಚ್ಚಿದೆ. ಮೂವತ್ತಾರು. ಮೂವತ್ತೆಂಟು.
ಕಣ್ಣೂರಿನವರು ಪಂದ್ಯಕ್ಕಿಷ್ಟು ಎಂದು ಕೊಟ್ಟರು,
ಮಂಗಳೂರಿನವರು ತಿಂಗಳಿಗಿಷ್ಟು ಎಂದು.
ಒಮ್ಮೆ ಪುಣೆಗೂ ಹೋದ, ಟೀವಿಯಲ್ಲಿ ಬರುತ್ತೇನೆ ಎಂದು ಹೇಳಿ.
ಅಂಗಡಿ ಮುಚ್ಚದೆ ಹನ್ನೊಂದರವರೆಗೆ ಕೂತೆವು.
ಬಂದ. ಬೆಂಚಿನಲ್ಲಿ, ಟವಲು ಹೊದ್ದು,
ಅರ್ಧ ಮುಖ. ಉಳಿದರ್ಧ ಸಿಮೆಂಟಿನ ಜಾಹೀರಾತು.

ಮೊಣಕಾಲು ಹೋದದ್ದು ದೊಡ್ಡ ಪಂದ್ಯದಲ್ಲಲ್ಲ.
ಉಪ್ಪಳದಲ್ಲಿ, ಸಂಜೆಯ ಅಭ್ಯಾಸದಲ್ಲಿ, ಯಾರೂ ಹಿಡಿಯದೆ.
ಆಮೇಲೆ ಅವನ ಪ್ಯಾಂಟಿಗೆ
ಎಡಗಾಲು ಅರ್ಧ ಇಂಚು ಗಿಡ್ಡ ಬೇಕಾಯಿತು.
ಅವನಿಗೆ ಹೇಳಲಿಲ್ಲ, ಸುಮ್ಮನೆ ಮಾಡಿದೆ.

ಎರಡು ವರ್ಷ ಈ ಕಡೆ ಸುಳಿಯಲಿಲ್ಲ. ಬಂದಾಗ
ಕಾಲರಿನ ಶರ್ಟು ಕೇಳಿದ, ಪೂರ್ತಿ ತೋಳು.
"ಈಗ ನಾನು ಮ್ಯಾನೇಜರು" ಎಂದ,
ಕಳ್ಳತನ ಒಪ್ಪಿಕೊಳ್ಳುವವನ ಹಾಗೆ.
"ಕಿಸೆ ಎರಡು ಹೊರಗೆ, ಒಂದು ಒಳಗೆ."
ಒಳಗೆ ಯಾಕೆ ಎಂದು ಕೇಳಲಿಲ್ಲ.
ಕಾಲರು ತಿರುಗಿಸಲು ಕೊಟ್ಟ ದಿನ
ಚೀಟಿಗಳು ಮೇಜಿಗೆ ಬಿದ್ದವು, ಬೆವರಿಗೆ ಶಾಯಿ ಹರಡಿ:
ರಜಾಕ್, ಹಸಿದರೆ ಸಿಟ್ಟು, ಮೊದಲು ಬಾಳೆಹಣ್ಣು.
ಲೋಹಿತನ ಎಡ ಭುಜ.
ಜಿತೇಶ, ಅಪ್ಪ ಬಂದ ದಿನ ಹೊರಗೆ ಕೂರಿಸಬೇಡ.
ಅನೂಷನಿಗೆ ಬಸ್ಸಿನ ಹಣ, ಕೇಳುವುದಿಲ್ಲ, ಕೊಡು.
ಇದೂ ಅಳತೆಯೇ ಮಾರಾಯ,
ಇಂಚು ಬರೆದಿಲ್ಲ ಅಷ್ಟೆ.

ಮೊನ್ನೆ ಮಂಜೇಶ್ವರದಲ್ಲಿ ಫೈನಲು.
ಗೆರೆಯಾಚೆ ಅವನಿಗೊಂದು ಪ್ಲಾಸ್ಟಿಕ್ ಕುರ್ಚಿ, ಕೂರುವುದಿಲ್ಲ.
ಹುಡುಗ ದಾಳಿಗೆ ಹೊರಟರೆ ಇವನ ಬಾಯಿ ಮುಚ್ಚುತ್ತದೆ,
ಕತ್ತಿನ ನರ ಉಬ್ಬುತ್ತದೆ.
ಹುಡುಗ ಸಿಕ್ಕಿಬಿದ್ದು, ಸೀಟಿ ಊದಿ,
ಧೂಳು ಕೂತ ಮೇಲೂ
ಇವನು ಉಸಿರು ಬಿಟ್ಟಿರಲಿಲ್ಲ.

ಸೋತರು, ಎರಡು ಅಂಕ.
ಕೊನೆಯ ದಾಳಿಗೆ ಜಿತೇಶನನ್ನು ಕಳಿಸಿದ್ದೇ ತಪ್ಪು ಎಂದು
ಚಾದಂಗಡಿಯಲ್ಲಿ ಎಲ್ಲರೂ ಹೇಳಿದರು. ನಾನೂ ಹೇಳಿದೆ.
ಮೂರನೇ ಸಾಲಲ್ಲಿ ಜಿತೇಶನ ಅಪ್ಪ
ಮಡಚಿದ ಕೊಡೆ ತೊಡೆಯ ಮೇಲಿಟ್ಟು ಕೂತದ್ದನ್ನು ನೋಡಿದ್ದೆ.
ಅದನ್ನು ಹೇಳಲಿಲ್ಲ.

ಈಗೆಲ್ಲ ಜೆರ್ಸಿ ತಿರುಪ್ಪೂರಿನಿಂದ ಬರುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ,
ಅಂಕಿ ಅಚ್ಚಾಗಿಯೇ. ಒಂಬತ್ತರ ಹೊಟ್ಟೆಗೆ ಸೂಜಿ ಬೇಡ.
ನನಗೆ ಉಳಿದದ್ದು ಝಿಪ್ಪು, ಸೀರೆಯ ಫಾಲು,
ಶಾಲೆ ಸುರುವಾಗುವ ಜೂನು.

ನಿನ್ನೆ ಸಂಜೆ ಒಬ್ಬ ಹುಡುಗನನ್ನು ಕರೆತಂದ.
ಬೆನ್ನಲ್ಲಿ ನಾಲ್ಕು. ಮೈಮೇಲೆ ಜೆರ್ಸಿ
ಗೂಟಕ್ಕೆ ಹಾಕಿದ ಗೋಣಿಯ ಹಾಗೆ.
ಹೊಸ ಪುಟ ತೆಗೆದು ಹೆಸರು ಕೇಳಿದೆ,
ಬಗಲ ಹತ್ತಿರ ಸೀಮೆಸುಣ್ಣದ ಗೆರೆ ಎಳೆದೆ,
ಹೆಚ್ಚಿಗೆಗೆ ಕತ್ತರಿ ಎತ್ತಿದೆ.
ಸಂಕಪ್ಪ ನನ್ನ ಮಣಿಕಟ್ಟು ಹಿಡಿದ.
ದಾಳಿಗೆ ಬಂದವನನ್ನು ಹಿಡಿಯುವ ಹಿಡಿತ, ಇನ್ನೂ ಉಂಟು ಅವನಲ್ಲಿ.
"ಕತ್ತರಿಸಬೇಡಿ, ಮೂಸಾಕ.
ಒಳಗೆ ಮಡಚಿ ಹೊಲಿಯಿರಿ."