ಗಂಟಿಲ್ಲದಂತೆ

ಮಾನಸಗಂಗೋತ್ರಿ, ಮೂರನೇ ಮಹಡಿ, ಏಪ್ರಿಲ್.
ಅಮೋನಿಯದ ಘಾಟಿಗೆ ಕಿಟಕಿ ತೆರೆದರೆ
ಕುಕ್ಕರಹಳ್ಳಿ ಕೆರೆಯ ಕಡೆಯಿಂದ ಬಿಸಿಗಾಳಿ.
ಕಂದು ದ್ರಾವಣ ಒಮ್ಮೆಲೇ ಕಪ್ಪಾಗುವ ಗಳಿಗೆ
ಎರಡು ವರ್ಷವಾದರೂ ನನಗೆ ಹಳತಾಗಿಲ್ಲ.

ಕಬ್ಬಿಣದ ಕಣಗಳು. ರಾಗಿಕಾಳಿನ ಅಗಲಕ್ಕೆ
ಒಂದು ಲಕ್ಷ ಸಾಲಾಗಿ ನಿಂತಾವು, ನೂಕಾಟವಿಲ್ಲದೆ.
ನಿಲ್ಲುವುದಿಲ್ಲ ಅಷ್ಟೇ. ಒಂದನ್ನೊಂದು ತಬ್ಬಿ
ಗಂಟಾಗುವುದೇ ಅವಕ್ಕೆ ಗೊತ್ತಿರುವ ಬದುಕು.

ಮೊದಲ ವಾರದ ನನ್ನ ತಪ್ಪನ್ನು
ಗೈಡ್ ಇಂದಿಗೂ ಹೊಸಬರಿಗೆ ಹೇಳಿ ನಗುತ್ತಾರೆ:
ಪಾಲಿಮರಿನ ಅಂಟುನೀರಿಗೆ ಪುಡಿ ಹಾಕಿ
ಮ್ಯಾಗ್ನೆಟಿಕ್ ಸ್ಟಿರರ್ ಮೇಲಿಟ್ಟಿದ್ದೆ.
ತಳದಲ್ಲಿ ಸುತ್ತುವ ಬಿಳಿ ಕಡ್ಡಿ
ಎರಡೇ ನಿಮಿಷಕ್ಕೆ ಕಂಬಳಿಹುಳುವಾಗಿ
ಪುಡಿಯನ್ನೆಲ್ಲ ಹೊದ್ದು ಕೂತಿತ್ತು.
ಮೇಲೆ ಬರೀ ತಿಳಿಗಂಜಿ.

ಬಾಗಿಲಲ್ಲಿ ಅಟೆಂಡರ್ ಕೆಂಪಾಜಮ್ಮ:
'ಏನವ್ವ, ಹಿಟ್ಟು ಗಂಟಾಯ್ತಾ?'
ಮಾರನೇ ದಿನ ಮಂಡ್ಯದ ರೈಲಿಳಿದು ಬಂದವರ
ಬುತ್ತಿಚೀಲದಲ್ಲಿ ತುದಿ ಸವೆದ ಮುದ್ದೆಕೋಲು.
'ಕಬ್ಬುಣಕ್ಕೆ ಮರ್‍ವೇ ಸೈ.
ಒಂದೇ ದಿಕ್ಕಿಗೆ ತಿರುವು, ನಡುವೆ ನಿಲ್ಲುಸ್ಬ್ಯಾಡ.'

ತಿರುವಿದೆ. ತೋಳು ಸೋತಿತು, ಕಪ್ಪು ಹರಡಿತು.
ಗಾಜಿನ ತಟ್ಟೆಯಲ್ಲಿ ಎರೆದು ಒಣಗಿಸಿದ್ದು
ಹಪ್ಪಳದಂತೆ ಸುಲಿದು ಬಂತು,
ಬೆಳಕಿಗೆ ಹಿಡಿದರೆ ಬೆಲ್ಲದ ಬಣ್ಣ.
ಅಯಸ್ಕಾಂತ ತಂದರೆ ಎದ್ದು ಬಾಗುತ್ತದೆ.
ತೆಗೆದರೆ ಮಲಗುತ್ತದೆ, ಏನೂ ಆಗದ ಹಾಗೆ.

ಅಳೆಯುವ ಯಂತ್ರಕ್ಕೆ ಆರು ವಾರದ ಸರದಿ.
ಗಂಟಾದ ಮಾದರಿಯ ಗೆರೆ ಹೊಟ್ಟೆ ಬಿಟ್ಟುಕೊಂಡಿತ್ತು,
ಹೋದ ದಾರಿ ಒಂದು, ಮರಳಿದ ದಾರಿ ಇನ್ನೊಂದು.
ಕೋಲಿನದು ಒಂದೇ ಎಳೆ,
ಹೋದಲ್ಲಿಂದಲೇ ಹಿಂದೆ, ಸೊನ್ನೆಗೆ ಸೊನ್ನೆ.
ಕೋಣೆಯ ಬಿಸಿಯಲ್ಲಿ ಅದು ಎಲ್ಲ ಮರೆಯುತ್ತದೆ,
ಹೆಪ್ಪುಗಟ್ಟುವ ಚಳಿಗೆ ಒಯ್ದರೆ ನೆನಪಾಗುತ್ತದೆ.

'ಮರೆಯಾಕೆ ಇಷ್ಟು ದುಡ್ಡಾ?' ಎಂದರು ಕೆಂಪಾಜಮ್ಮ.
ಹೇಳಿದೆ: ಇಂಥವನ್ನು ನಾಳೆ ಮೈಯೊಳಗೆ ಬಿಟ್ಟು
ಹೊರಗಿಂದ ಕರೆಯಬೇಕು, ಕರೆದಲ್ಲಿ ನಿಲ್ಲಬೇಕು,
ಬಿಟ್ಟಾಗ ಬಿಡಬೇಕು. ನೆನಪಿಟ್ಟರೆ ಗಂಟು,
ಗಂಟಾದರೆ ರಕ್ತದ ದಾರಿಗೇ ಅಡ್ಡ.

ಅವರು ಬೀಕರ್ ಒರೆಸುತ್ತಲೇ ಇದ್ದರು.
'ನನ್ ವಾರಗಿತ್ತಿ ತಾವ ಹನ್ನೊಂದು ವರ್ಸದಿಂದ ಮಾತಿಲ್ಲ.
ಹಿತ್ಲ ಗೋಡೆ, ಒಂದು ಗೇಣು.
ಯಾರು ಏನಂದ್ರು ಅಂತ ದಿನ ಸಮೇತ ಹೇಳ್ತೀನಿ ಬೇಕಾರೆ.'
ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.
ಸಂಜೆಯ ರೈಲಿಗೆ ಹೊತ್ತಾಗಿತ್ತು.

ಈಗ ಮೋಟಾರಿನ ಗಾಜುಕಡ್ಡಿ ಬಂದಿದೆ.
ಪ್ರಬಂಧದ 'ವಿಧಾನ' ಭಾಗದಲ್ಲಿ ಕೋಲಿನ ಹೆಸರಿಲ್ಲ.
ಮರಳಿಸೋಣವೆಂದು ತಿಕ್ಕಿ ತಿಕ್ಕಿ ತೊಳೆದೆ,
ಮರದ ಸೀಳುಗಳಲ್ಲಿ ಕಪ್ಪು ಹಾಗೇ ಉಳಿದಿದೆ.
ದಾರ ಕಟ್ಟಿ ತೂಗುಬಿಟ್ಟು
ಅಯಸ್ಕಾಂತ ಹತ್ತಿರ ಹಿಡಿದೆ.
ಕೋಲು ಒಂದಿಷ್ಟು ಅಲುಗಿತು.
ಅಥವಾ ನನ್ನ ಕೈ.