ಎರಡು ಪಾಯಿಂಟ್ ಏಳು

ಗಂಡಿಗೆ ಚೌಕ, ಹೆಣ್ಣಿಗೆ ಸುತ್ತು,
ಸತ್ತವರ ಮೇಲೊಂದು ಓರೆ ಗೀಟು,
ಎದೆ ನಿಂತು ಸತ್ತವರಿಗೆ ಒಳಗೆಲ್ಲ ಮಸಿ.
ನ್ಯೂಫೌಂಡ್‌ಲ್ಯಾಂಡಿನ ಲ್ಯಾಂಪ್ ಕೋವ್‌ನಲ್ಲಿ
ಇಪ್ಪತ್ತಾರು ಮನೆ, ಎರಡೇ ಅಡ್ಡಹೆಸರು;
ಕಾಗದ ಸಾಲದೆ
ಹಳೆಯ ಕ್ಯಾಲೆಂಡರುಗಳ ಬೆನ್ನಿಗೆ ಹತ್ತಿಸಿದೆ
ಐದು ತಲೆಮಾರು.

ಪಾರ್ಡಿಗಳ ಗಂಡಸರು ನಲವತ್ತು ಕಾಣುವುದಿಲ್ಲ.
ಅಜರಾಯ ಸೌದೆ ಸೀಳುತ್ತ, ಲೆವೈ ಇಗರ್ಜಿಯ ಮೆಟ್ಟಿಲಲ್ಲಿ,
ಇನ್ನೊಬ್ಬ ತನ್ನದೇ ಮದುವೆಯ ಕುಣಿತದಲ್ಲಿ,
ಪಿಟೀಲು ಇನ್ನೂ ನುಡಿಯುತ್ತಿದ್ದಾಗ.
ಊರವರು ಅದಕ್ಕೆ ಹೆಸರಿಟ್ಟಿಲ್ಲ;
'ಹೋದ, ಪಾರ್ಡಿ ಹೋದ ಹಾಗೆ' ಅನ್ನುತ್ತಾರೆ, ಅಷ್ಟೆ.

ಸಾವು ಎಣಿಸುವುದು ಪಾದ್ರಿಯ ಕೆಲಸ. ನನ್ನದು,
ರಕ್ತದಲ್ಲೊಂದು ಗುರುತು ಹಿಡಿದು ನೋಡುವುದು:
ಅಪ್ಪನಿಂದ ಮಗುವಿಗೆ, ಆ ಗುರುತೂ ಈ ಸಾವೂ
ಎಷ್ಟು ಸಲ ಒಂದೇ ದೋಣಿ ಹತ್ತಿ ಬಂದವು,
ಎಷ್ಟು ಸಲ ನಡುದಾರಿಯಲ್ಲಿ ಅಗಲಿದವು.
ಬರೀ ಆಕಸ್ಮಿಕವಾಗಿ ಹೀಗಾಗುವ ಸಂಭವದಿಂದ ಭಾಗಿಸು.
ಲಾಗರಿದಮ್ ತೆಗೆ. ಮನೆಮನೆಯದನ್ನೂ ಕೂಡು.
ಮೂರು ದಾಟಿದರೆ ನಂಬಬಹುದು, ಸಾವಿರಕ್ಕೆ ಒಂದು.
ರಾತ್ರಿಯಿಡೀ ಗೊರಕೆ ಹೊಡೆದ ಕಂಪ್ಯೂಟರ್
ಬೆಳಿಗ್ಗೆ ಕೊಟ್ಟದ್ದು ಎರಡು ಪಾಯಿಂಟ್ ಏಳು.
ಐನೂರಕ್ಕೆ ಒಂದು.
ಜೂಜಿಗೆ ಸಾಕು.

ತೊಡಕೆಲ್ಲ ಒಂದು ಚೌಕದಲ್ಲಿ.
ಎಲಿಯಾಬ್, ಮೂವತ್ತೆರಡು, ಸಮುದ್ರದಲ್ಲಿ.
ಒಳಗೆ ಒಂದು ಪ್ರಶ್ನೆಯ ಗುರುತು,
ಗಾಳದ ಕೊಕ್ಕೆಯ ಹಾಗೆ.

ಡ್ರುಸಿಲ್ಲಾ ಡಬ್ಬಿ ಹಾಲಿನ ಚಹಾ ಬಸಿದಳು.
"ಆ ದಿನ ಕಡಲು?"
"ತಟ್ಟೆಯ ಹಾಗಿತ್ತು."
"ದೋಣಿ?"
"ತಾನೇ ದಡಕ್ಕೆ ಬಂತು. ಹುಟ್ಟುಗಳು ಒಳಗೆ.
ಉಣ್ಣೆಯ ಕೈಗವಸು ಒದ್ದೆಯೂ ಆಗಿರಲಿಲ್ಲ."
ಆಮೇಲೆ, ಬಟ್ಟಲು ಕೆಳಗಿಟ್ಟು:
"ಮುಳುಗಿದ ಅಂತಲೇ ಬರಿ.
ಕಡಲು ಒಬ್ಬನನ್ನು ತಿಂದರೆ ಅಲ್ಲಿಗೆ ಮುಗಿಯಿತು.
ನೀನು ಆ ಚೌಕಕ್ಕೆ ಮಸಿ ಬಳಿದರೆ
ಅದು ಗೆರೆ ಹಿಡಿದು ಕೆಳಗಿಳಿಯುತ್ತದೆ."

ನಾಲ್ಕು ಮಕ್ಕಳಲ್ಲಿ ಮೂವರ ರಕ್ತ ನನ್ನ ಪೆಟ್ಟಿಗೆಯಲ್ಲಿತ್ತು.
ಕಿರಿಯವಳನ್ನು ಆಕೆ ಮಹಡಿಯಿಂದ ಇಳಿಯಗೊಟ್ಟಿರಲಿಲ್ಲ.

ಕಾರಿನ ಗಾಜಿಗೆ ಬೆರಳಿನ ಸದ್ದು.
ಥಿರ್ಜಾ, ಹತ್ತೊಂಬತ್ತು, ಮೈಮೇಲೆ ಯಾರದೋ ದೊಗಲೆ ಸ್ವೆಟರ್.
"ಆ ಬೇಸಿಗೆ ಎರಡು ಸಲ ಬಿದ್ದಿದ್ದ,
ಮೀನು ಒಣಹಾಕುವ ಅಟ್ಟಣೆಯ ಮೇಲೆ.
ಮುಖ ಒರೆಸಿಕೊಂಡು, ಅಮ್ಮನಿಗೆ ಹೇಳಬೇಡ ಅಂದ.
ಹೇಳಲಿಲ್ಲ. ನನಗಾಗ ಏಳು."

ಪೆನ್ಸಿಲ್ ಕೈಯಲ್ಲೇ ಇತ್ತು.
ಏಳು ವರ್ಷದವಳ ನೆನಪಿಗೆ ಎಷ್ಟು ತೂಕ ಕೊಡಬೇಕೆಂದು
ನನಗೆ ಯಾರೂ ಕಲಿಸಿರಲಿಲ್ಲ.

"ಹಾಗಾದರೆ ನನ್ನದೆಷ್ಟು?"
ಅರ್ಧ, ಅಂದೆ.
ಅದಕ್ಕೆ ಲಾಗರಿದಮ್ ಬೇಕಾಗಲಿಲ್ಲ.
ಅವಳು ಕಡಲ ಕಡೆ ತಿರುಗಿದಳು. ಮಂಜು; ಏನೂ ಕಾಣುತ್ತಿರಲಿಲ್ಲ.
ಸ್ವೆಟರಿನ ತೋಳು ಮೇಲೆ ಸರಿಸುತ್ತ ಕೇಳಿದಳು:
"ಯಾವ ಕೈ?"